ಮತ್ತೆ ಅಂದರೆ ನಿಲ್ಲು

ಬೀಳುವುದನ್ನು ಕಲಿಯಬೇಕು ಎಂದರೆ ನಮ್ಮ ಅಮ್ಮನಿಗೆ ಸಿಟ್ಟು ಬರುತ್ತಿತ್ತು. "ಬೀಳೋದನ್ನ ಏನ್ರೇ ಕಲಿಯೋದು? ಎಡವಿದ್ರೆ ತಾನಾಗೇ ಬೀಳಲ್ವಾ?" ಎನ್ನುತ್ತಿದ್ದಳು. ಆದರೆ ಜೂಡೋ ತರಗತಿಯಲ್ಲಿ ನನಗೂ ನನ್ನ ತಂಗಿಗೂ ಮೊದಲ ಮೂರು ತಿಂಗಳು ಮುಖ್ಯವಾಗಿ ಕಲಿಸಿದ್ದು ಅದನ್ನೇ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ಚಾಪೆಗೆ ರಪ್ಪನೆ ಬಡಿದು ಬೀಳಬೇಕು. ತಂಗಿ ಮೂರು ತಿಂಗಳಲ್ಲಿ ಆ ಪಾಠ ಮುಗಿಸಿ ಎಸೆಯುವುದಕ್ಕೆ ಹೋದಳು. ನಾನು ಐದು ವರ್ಷ ಬೀಳುತ್ತಲೇ ಇದ್ದೆ.

ಅದು ತೊಂಬತ್ತರ ದಶಕದ ನಡುಭಾಗ. ಅಪ್ಪ ಮೈಸೂರಿನವರು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾನು ಹುಟ್ಟುವ ಮೊದಲೇ ನಾಗಪುರಕ್ಕೆ ಬಂದು, ವಾಡಿ ಹತ್ತಿರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದರು. ಹರೆಯದಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿದ ಮೈ ಅವರದು. ಇಬ್ಬರೂ ಹೆಣ್ಣೇ ಹುಟ್ಟಿದವಲ್ಲ ಎಂದು ಯಾರಾದರೂ ಮರುಗಿದರೆ, "ಗರಡಿಗೆ ಜೋಡಿ ಬೇಕೇ ಬೇಕಲ್ಲ, ನಮ್ಮನೇಲಿ ಜೋಡಿ ಇದೆ" ಎನ್ನುತ್ತಿದ್ದರು. ನಾಗಪುರದಲ್ಲಿ ಹೆಣ್ಣುಮಕ್ಕಳನ್ನು ಕುಸ್ತಿಯ ಮಣ್ಣಿಗೆ ಇಳಿಸುವವರು ಸಿಗಲಿಲ್ಲ. ಊರೊಳಗಿನ ಒಂದು ವ್ಯಾಯಾಮಶಾಲೆಯಲ್ಲಿ ಹುಡುಗಿಯರಿಗೆ ಜೂಡೋ ಹೇಳಿಕೊಡುತ್ತಾರೆಂದು ತಿಳಿದ ದಿನವೇ ಹೋಗಿ ನಮ್ಮಿಬ್ಬರ ಹೆಸರು ಬರೆಸಿ ಬಂದರು. ಆಗ ನನಗೆ ಹದಿನಾಲ್ಕು, ತಂಗಿಗೆ ಹನ್ನೊಂದು. ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಮೊದಲ ದಿನವೇ ನಗೆಪಾಟಲಾದೆವು. ವಾಡಿಯಿಂದ ಹೋಗುವ ಬಸ್ಸು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ನಾವು ತಲುಪುವ ಹೊತ್ತಿಗೆ ಅರ್ಧ ಪಾಠ ಆಗಿತ್ತು. ಜೂಡೋದ ಅಪ್ಪಣೆಗಳೆಲ್ಲ ಜಪಾನಿ ಮಾತಿನಲ್ಲಿರುತ್ತವೆ. ಸರ್ ಅವನ್ನು ವಿವರಿಸಿ ಮುಗಿಸಿದ್ದರು. ಜೋಡಿಜೋಡಿಯಾಗಿ ನಿಲ್ಲಿಸಿ 'ಹಾಜಿಮೆ' ಅಂದರು. ಎಲ್ಲರೂ ಶುರು ಮಾಡಿದರು, ನಾವೂ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಎಳೆದಾಡಿದೆವು. ಸ್ವಲ್ಪ ಹೊತ್ತಿಗೆ ಸರ್ ಗಟ್ಟಿಯಾಗಿ 'ಮತ್ತೆ!' ಎಂದು ಕೂಗಿದರು. ನಾನು ತಂಗಿಯ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಪರವಾಗಿಲ್ಲ, ಈ ಮರಾಠಿ ಸರ್‌ಗೂ ಎರಡು ಕನ್ನಡ ಮಾತು ಬರುತ್ತವೆ ಅಂದುಕೊಂಡು ಇಮ್ಮಡಿ ಹುರುಪಿನಿಂದ ಎಳೆದಾಡಿದೆವು. ಸರ್ ಹತ್ತಿರ ಬಂದು 'ಮತ್ತೆ! ಮತ್ತೆ!' ಎಂದು ಕಿರುಚಿದಷ್ಟೂ ನಮ್ಮ ಹುರುಪು ಏರಿತು. ಕೊನೆಗೆ ಇಬ್ಬರ ಹಿಂಗತ್ತು ಹಿಡಿದು ಬಿಡಿಸಬೇಕಾಯಿತು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಜಪಾನಿಯಲ್ಲಿ ಮತ್ತೆ ಅಂದರೆ ನಿಲ್ಲು ಎಂದರ್ಥವಂತೆ.

ಅಪ್ಪನಿಗೆ ಈ ಕಥೆ ಹೇಳಿದಾಗ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಎರಡು ವಾರ ಕಳೆಯುವುದರೊಳಗೆ ಅದು ಅವರಿಗೇ ತಿರುಗಿತು. ಅಪ್ಪನ ಲೆಕ್ಕದಲ್ಲಿ ಚಾಪೆಯ ಮೇಲಿನ ವಿದ್ಯೆ ಅರ್ಧ, ಮಿಕ್ಕ ಅರ್ಧ ಮೈ. ಆ ಮೈಯನ್ನು ತಯಾರು ಮಾಡುವ ಹೊಣೆ ಅವರದು. ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಿದ್ದರು. ಕ್ವಾರ್ಟರ್ಸಿನ ಹಿಂದಿನ ಬೇವಿನ ಮರಕ್ಕೆ ಹಳೆಯ ಸೈಕಲ್ ಟ್ಯೂಬುಗಳನ್ನು ಕಟ್ಟಿದ್ದರು. ಅವುಗಳ ತುದಿ ಹಿಡಿದು, ಗಿರಕ್ಕನೆ ತಿರುಗಿ, ಮೊಣಕಾಲು ಬಗ್ಗಿಸಿ, ಎದುರಾಳಿಯನ್ನು ಬೆನ್ನ ಮೇಲೆ ಏರಿಸಿಕೊಳ್ಳುವ ಹಾಗೆ ಎಳೆಯಬೇಕು. ಆಮೇಲೆ ನೆಲಕ್ಕೆ ಕೈಯೂರಿ ದಂಡೆ, ಬಸ್ಕಿ. ಅದಾದ ಮೇಲೆ ಕನ್ಹಾನ್ ನದಿಯ ಮರಳು ತುಂಬಿದ ಗೋಣಿಚೀಲವನ್ನು ಹೆಗಲಿಗೇರಿಸಿಕೊಂಡು ನೀರಿನ ಟ್ಯಾಂಕಿನ ತನಕ ಓಡಬೇಕು. ಚೀಲ ಹರಿದ ದಿನ ನಾನೇ ಚೀಲ. ತಂಗಿ ನನ್ನನ್ನು ಹೊತ್ತು ಓಡುತ್ತಿದ್ದಳು, ನಾನು ಅವಳ ಹೆಗಲ ಮೇಲೆ ತಲೆಕೆಳಗಾಗಿ ನೇತಾಡುತ್ತ ಪಕ್ಕದ ಮನೆಯವರಿಗೆ ನಮಸ್ಕಾರ ಹೇಳುತ್ತಿದ್ದೆ. ಹಾಲಿನವನು ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದ.

ದಂಡೆ ಹೊಡೆಸುವಾಗ ಅಪ್ಪ ಎಣಿಸುವುದಿಲ್ಲ. ಗರಡಿಯಲ್ಲಿ ಅವರ ಉಸ್ತಾದರೂ ಎಣಿಸುತ್ತಿರಲಿಲ್ಲವಂತೆ. ಎಣಿಸಿದರೆ ಮೈ ಲೆಕ್ಕ ಇಟ್ಟುಕೊಂಡು ಸೋಮಾರಿಯಾಗುತ್ತದಂತೆ. ಪ್ರತಿ ದಂಡೆಗೂ "ಮತ್ತೆ... ಮತ್ತೆ..." ಎನ್ನುವುದು ಅವರ ಪದ್ಧತಿ. ಎರಡನೆಯ ವಾರ ತಂಗಿ ಇಪ್ಪತ್ತು ದಂಡೆಗೆ ಎದ್ದು ಕೈ ಕೊಡವಿಕೊಂಡು ನಿಂತಳು.

"ಯಾಕೆ ನಿಲ್ಲಿಸ್ದೆ?"

"ನೀವೇ ಮತ್ತೆ ಅಂದ್ರಲ್ಲಪ್ಪ. ಮತ್ತೆ ಅಂದ್ರೆ ರುಕ್‌ನಾ, ಸರ್ ಹೇಳಿದ್ದಾರೆ."

ಅವಳು ತರಲೆ ಮಾಡಿದ್ದು. ಆದರೆ ಅಪ್ಪ ಯೋಚನೆಗೆ ಬಿದ್ದರು. ಚಾಪೆಯ ಮೇಲೆ ಆ ಮಾತು ಕಿವಿಗೆ ಬಿದ್ದ ಕ್ಷಣ ಹಿಡಿತ ಬಿಟ್ಟು, ಅಂಗಿ, ಪಟ್ಟಿ ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ನಿಲ್ಲಬೇಕು, ಇಲ್ಲದಿದ್ದರೆ ದಂಡ. ಬೆಳಿಗ್ಗೆ ಅದೇ ಮಾತಿಗೆ ಇನ್ನೊಂದು ದಂಡೆ, ಸಂಜೆ ಅದೇ ಮಾತಿಗೆ ನಿಲ್ಲುವುದು. ಹೀಗಾದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಗುತ್ತದೆ ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಪದ ಬಂದ್ ಆಯಿತು. ಅದರ ಬದಲು 'ಇನ್ನೊಂದ್ಸಲ' ಅನ್ನಬೇಕು. ಅಮ್ಮನಿಗೂ ವಿನಾಯಿತಿ ಇಲ್ಲ. ಅವಳು ಮರೆತು "ಸಾರು ಮತ್ತೆ ಹಾಕ್ಲಾ?" ಅಂದರೆ ತಂಗಿ ತಟ್ಟೆ ಬಿಟ್ಟು ಎದ್ದು ನಿಂತು ಸೊಂಟದ ಪಟ್ಟಿ ಸರಿಮಾಡಿಕೊಳ್ಳುವ ನಟನೆ ಮಾಡುತ್ತಿದ್ದಳು. ಅಮ್ಮ ಸೌಟು ಎತ್ತುತ್ತಿದ್ದಳು. ವರ್ಷದೊಳಗೆ ಪದ ನಮ್ಮ ನಾಲಿಗೆಯಿಂದ ಹೋಗಿಯೇಬಿಟ್ಟಿತು ಅಂದುಕೊಂಡೆವು. ಮೈಸೂರಿನಿಂದ ಬಂದ ಸೋದರತ್ತೆ, "ಇದೇನೋ, ಮಕ್ಕಳು ಮಾತುಮಾತಿಗೆ ಇನ್ನೊಂದ್ಸಲ ಇನ್ನೊಂದ್ಸಲ ಅಂತವೆ, ಕಿವುಡಾ?" ಎಂದು ಅಪ್ಪನನ್ನು ಕೇಳಿದ್ದಳು.

ಎರಡು ವರ್ಷಕ್ಕೆ ನಮ್ಮಿಬ್ಬರ ಹಣೆಬರಹ ಬೇರೆ ಬೇರೆ ಎಂದು ಎಲ್ಲರಿಗೂ ಗೊತ್ತಾಯಿತು. ನನಗೆ ಬಲವಿತ್ತು, ಚುರುಕು ಇರಲಿಲ್ಲ. ಎದುರಾಳಿ ಏನು ಮಾಡುತ್ತಾಳೆಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೆ ಅದು ಕಾಲಿಗೆ ತಲುಪುವಷ್ಟರಲ್ಲಿ ನಾನು ನೆಲದ ಮೇಲೆ ಇರುತ್ತಿದ್ದೆ. ತಂಗಿಗೆ ನೋಡುವ ಗೊಡವೆಯೇ ಇರಲಿಲ್ಲ, ಕೈಗೆ ಬಟ್ಟೆ ಸಿಕ್ಕರೆ ಸಾಕು. ಸರ್ ಒಂದು ದಿನ ನನ್ನನ್ನು ಕರೆದು, ಬಹಳ ಗೌರವದಿಂದಲೇ, ಇನ್ನು ಮೇಲೆ ನೀನು ಪಂದ್ಯ ಆಡುವುದು ಬೇಡ, ತಂಗಿಯ ಎಸೆತಕ್ಕೆ ಬೀಳುವವಳಾಗು ಅಂದರು. ಆ ರಾತ್ರಿ ಅತ್ತೆ. ಬೆಳಿಗ್ಗೆ ಎದ್ದು ಬಿದ್ದೆ. ದಿನಕ್ಕೆ ನೂರು ಸಲ ನನ್ನನ್ನು ಬೆನ್ನ ಮೇಲಿಂದ ಎತ್ತಿ ಒಗೆದು ಅವಳ ಕೈ ಪಳಗಿತು. ಅವಳು ಗೆದ್ದ ಪ್ರತಿ ಪದಕದಲ್ಲಿ ನನ್ನ ಬೆನ್ನಿನ ಪಾಲು ಇದೆ ಎಂದು ನಾನು ಈಗಲೂ ಜಗಳ ಮಾಡಬಲ್ಲೆ.

ಬೀಳುವುದರ ಜೊತೆಗೆ ನನಗೆ ಇನ್ನೊಂದು ಕೆಲಸ ಸಿಕ್ಕಿತು. ನಮ್ಮ ಕಡೆಯ ಪಂದ್ಯಗಳಲ್ಲಿ, ಆಟ ನಡೆಯುವಾಗ ಯಾರೂ ಕೂಗಿ ಹೇಳಿಕೊಡುವ ಹಾಗಿರಲಿಲ್ಲ. ಸರ್ ಬಾಯಿ ತೆರೆದರೆ ರೆಫರಿ ಬೆರಳು ಎತ್ತುತ್ತಿದ್ದರು. ಅಲ್ಲದೆ ಮರಾಠಿಯಲ್ಲಿ ಹೇಳಿದ್ದು ಎದುರಾಳಿಗೂ ತಿಳಿಯುತ್ತದೆ. ಒಮ್ಮೆ ನಾನು ಗ್ಯಾಲರಿಯಲ್ಲಿ ಕೂತು ತಡೆಯಲಾರದೆ "ಎಡಗಾಲು ಕಣೇ! ಎಡಗಾಲು ನೋಡು!" ಎಂದು ಕಿರುಚಿದೆ. ತಂಗಿ ಎಡಗಾಲು ಕೊಡವಿ ಗೆದ್ದಳು. ರೆಫರಿಗೆ ಅದು ಬರೀ ಗದ್ದಲ. ಆಮೇಲೆ ಸರ್ ನನ್ನ ಬೆನ್ನು ತಟ್ಟಿ, ಇನ್ನು ಮೇಲೆ ನಿಮ್ಮ ಮದ್ರಾಸಿ ಭಾಷೆಯಲ್ಲಿ ನೀನೇ ಹೇಳಿಕೊಡು ಅಂದರು. "ಮದ್ರಾಸಿ ನಾಹೀ ಸರ್, ಕನ್ನಡ" ಎಂದು ನೂರು ಸಲ ಹೇಳಿದೆ. ಹೋ ಹೋ, ಕನ್ನಡ ಮದ್ರಾಸಿ ಅಂದರು. ಅದು ಮೋಸವೇ, ಗೊತ್ತಿತ್ತು. ಆದರೆ ಅಷ್ಟು ದೊಡ್ಡ ಹಾಲ್‌ನಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯೊಂದು ಇದೆ ಅನ್ನುವುದು ನನಗೆ ಹೆಮ್ಮೆಯಾಗಿತ್ತು. ಕನ್ನಡ ಓದಲು ಬಾರದ, ಸ್ನೇಹಿತೆಯರ ಎದುರು ಮರಾಠಿಯಲ್ಲೇ ಮಾತಾಡುವ ನನ್ನ ತಂಗಿ ಚಾಪೆಯ ಮೇಲೆ ಇದ್ದಷ್ಟು ಹೊತ್ತು ಕನ್ನಡಕ್ಕೆ ಕಿವಿ ತೆರೆದುಕೊಂಡು ಇರುತ್ತಿದ್ದಳು.

ಅವಳು ಹನ್ನೊಂದನೆಯ ತರಗತಿಗೆ ಬಂದಾಗ ಅಮ್ಮ ಪಟ್ಟು ಹಿಡಿದಳು. ಅಮ್ಮನನ್ನು ದೂರಲಾರೆ. ನಾಲ್ಕು ವರ್ಷ ನಮ್ಮ ಉಳುಕಿಗೆ ಅರಿಶಿನ ಹಚ್ಚಿದವಳು ಅವಳು. ರವಿಕೆ ಹೊಲಿಯುವ ದರ್ಜಿ ನಮ್ಮ ಭುಜ ನೋಡಿ ಹೆಚ್ಚು ಬಟ್ಟೆ ಕೇಳಿದಾಗ ನಾಚಿ ನಿಂತವಳೂ ಅವಳೇ. ಅವಳ ಷರತ್ತು ಇಷ್ಟೇ: ಪುಣೆಯ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾದರೆ ಜೂಡೋ ಮುಂದುವರಿಯಲಿ, ಇಲ್ಲವಾದರೆ ಹನ್ನೆರಡನೆಯ ತರಗತಿ ಶುರುವಾಗುವ ಮೊದಲು ಜೂಡೋದ ಬಿಳಿ ಅಂಗಿ ಪೆಟ್ಟಿಗೆಗೆ ಹೋಗಬೇಕು. ಅಪ್ಪ ಒಪ್ಪಿದರು. ತಂಗಿ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ಹಾಸ್ಟೆಲ್ಲಿನ ಮಂಚ ಹೇಗಿರುತ್ತದೆ, ಅಲ್ಲಿ ನಿಜವಾದ ಕಬ್ಬಿಣದ ತೂಕಗಳು ಎಷ್ಟಿರುತ್ತವೆ ಎಂದು ಕೇಳಿ ಕೇಳಿ ಸರ್‌ಗೆ ಬೇಸರ ತರಿಸಿದ್ದಳು.

ಆಯ್ಕೆಯ ಪಂದ್ಯ ಜನವರಿಯಲ್ಲಿ ಕಾಮಠಿಯ ಒಂದು ಹಾಲ್‌ನಲ್ಲಿ ಇತ್ತು. ವಿದರ್ಭದ ಎಲ್ಲ ಕಡೆಯಿಂದ ಹುಡುಗಿಯರು ಬಂದಿದ್ದರು. ಒಂದೊಂದು ತೂಕಕ್ಕೆ ಒಬ್ಬಳೇ ಆಯ್ಕೆ. ಅಪ್ಪನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ, ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ ಮನೆಯಲ್ಲಿ ಉಳಿದಳು. ಚಳಿಯಲ್ಲಿ ಎರಡು ಬಸ್ಸು ಬದಲಿಸಿ ನಾನೂ ತಂಗಿಯೂ ಹೋದೆವು. ತೂಕ ಹೆಚ್ಚಾದೀತು ಎಂದು ಅವಳು ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ತೂಕ ಮುಗಿದ ಮೇಲೆ ನಾನು ಡಬ್ಬಿ ತೆಗೆದು ಚಪಾತಿ ತಿನ್ನಿಸಿದೆ. ತಿನ್ನುತ್ತ, "ಅಕ್ಕ, ನೀನು ಮೇಲೆ ಬರೋಬರ್ ಮಧ್ಯದಲ್ಲಿ ಕೂತ್ಕೊ, ನಿನ್ನ ದನಿ ಕೇಳ್ಬೇಕು" ಅಂದಳು.

ಮೂರು ಪಂದ್ಯ ನೀರು ಕುಡಿದ ಹಾಗೆ ಗೆದ್ದಳು. ಕೊನೆಯದು ಅಮರಾವತಿ ಕಡೆಯ ಒಬ್ಬ ಹುಡುಗಿಯ ಜೊತೆ. ಪಕ್ಕದ ಚಾಪೆಯಲ್ಲಿ ಆಟ ಮುಗಿದು ಅಲ್ಲಿ ಯಾರೂ ಇರಲಿಲ್ಲ. ಹಾಲ್‌ನ ಜನವೆಲ್ಲ ಈ ಒಂದು ಚಾಪೆಯ ಸುತ್ತ ಸೇರಿದ್ದರು. ಅಮರಾವತಿಯ ಹುಡುಗಿಯ ತಂಡದವರು ಗ್ಯಾಲರಿಯಲ್ಲಿ ನನ್ನ ಅಕ್ಕಪಕ್ಕವೇ ಕೂತು ಬೊಬ್ಬೆ ಹಾಕುತ್ತಿದ್ದರು. ಮೂರು ನಿಮಿಷ ಮುಗಿದಾಗ ತಂಗಿ ಅರ್ಧ ಅಂಕದಿಂದ ಮುಂದಿದ್ದಳು. ಇನ್ನು ಒಂದು ನಿಮಿಷ ತಳ್ಳಿದರೆ ಸಾಕಿತ್ತು. ಆದರೆ ಹೊತ್ತು ತಳ್ಳುವುದು ಅವಳ ಸ್ವಭಾವವಲ್ಲ. ಗಿರಕ್ಕನೆ ತಿರುಗಿ ಆ ಹುಡುಗಿಯನ್ನು ಬೆನ್ನಿಗೆ ಏರಿಸಿಕೊಂಡಳು. ಹುಡುಗಿ ಮಗುಚಿ ಬೆನ್ನಿಗೆ ಬೀಳದೆ ಮೊಣಕಾಲಿನ ಮೇಲೆ ಕುಸಿದಳು. ತಂಗಿಯ ಕೈಯಲ್ಲಿ ಅವಳ ತೋಳೂ ಕೊರಳಪಟ್ಟಿಯೂ ಭದ್ರವಾಗಿ ಇದ್ದವು. ಅವಳು ಏಳುವಾಗ ಅದೇ ಪಟ್ಟನ್ನು ಹಾಕಿದರೆ ಮುಗಿಯಿತು. ಅದು ನನಗೆ ಕಂಡಷ್ಟು ಸ್ಪಷ್ಟವಾಗಿ ಆ ಹಾಲ್‌ನಲ್ಲಿ ಇನ್ನಾರಿಗೂ ಕಂಡಿರಲಾರದು. ಆ ಎಸೆತಕ್ಕೆ ನಾನು ಸಾವಿರಾರು ಸಲ ಬಿದ್ದಿದ್ದೆ.

ಎದ್ದು ನಿಂತು "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗಿದೆ. ತಂಗಿಗೆ ಕೇಳಿಸಿತು, ಹೌದೆಂಬಂತೆ ಮೊಣಕಾಲು ಬಗ್ಗಿಸಿದಳು. ಹುಡುಗಿ ಅರ್ಧ ಎದ್ದಳು. ಆಗ ನನಗೆ ಏನಾಯಿತೋ. ಆವೇಶ ಬಂದಾಗ ನಾಲಿಗೆ ಕಟ್ಟುಪಾಡು ನೋಡುವುದಿಲ್ಲ, ಹುಟ್ಟಿದಂದಿನ ಮಾತನ್ನೇ ಆಡುತ್ತದೆ. ಹೊಟ್ಟೆಯ ಆಳದಿಂದ, ನನ್ನ ಇಡೀ ಮೈಯ ಬಲ ಹಾಕಿ ಕೂಗಿದೆ.

"ಮತ್ತೆ!"

ತಂಗಿ ಎರಡೂ ಕೈ ಬಿಟ್ಟಳು.

ಐದು ವರ್ಷ ಕಲಿತ ವಿಧೇಯತೆಯಿಂದ ಬಿಟ್ಟಳು. ಬಿಟ್ಟು, ಅಂಗಿ ಸರಿಮಾಡಿಕೊಳ್ಳುತ್ತ ತನ್ನ ಜಾಗಕ್ಕೆ ಹೋಗಲು ಅರ್ಧ ತಿರುಗಿದಳು. ಆ ಹುಡುಗಿಗೂ ಒಂದು ಗಳಿಗೆ ಅರ್ಥವಾಗಲಿಲ್ಲ. ಅವಳು ರೆಫರಿಯ ಮುಖ ನೋಡಿದಳು, ರೆಫರಿ ಸುಮ್ಮನಿದ್ದರು. ಸರಕ್ಕನೆ ಬಂದು ತಂಗಿಯ ಸೊಂಟ ಹಿಡಿದು ಒಗೆದಳು. ಬೆನ್ನು ಚಾಪೆಗೆ ಬಡಿದ ಸದ್ದು ಮೇಲಿನವರೆಗೆ ಕೇಳಿಸಿತು. ರೆಫರಿಯ ಕೈ ನೆಟ್ಟಗೆ ಮೇಲೆ ಹೋಯಿತು: ಪೂರ್ಣ ಅಂಕ, ಅಲ್ಲಿಗೆ ಆಟ ಮುಗಿಯಿತು.

ತಂಗಿ ಎದ್ದು ನಿಂತು, ನಂಬಲಾರದವಳ ಹಾಗೆ, "ಸರ್, ಆಪ್‌ನೇ ಮತ್ತೆ ಬೋಲಾ ಥಾ" ಅಂದಳು. ರೆಫರಿ ಇಲ್ಲವೆಂದು ತಲೆಯಾಡಿಸಿದರು. ಮೂಲೆಯ ಇಬ್ಬರು ತೀರ್ಪುಗಾರರೂ ತಲೆಯಾಡಿಸಿದರು. ಅವಳು ನಮ್ಮ ಸರ್ ಕಡೆ ತಿರುಗಿದಳು. "ಕೋಣೀಚ್ ಬೋಲಲಂ ನಾಹೀ ಗ" ಅಂದರು ಅವರು, ಯಾರೂ ಹೇಳಲಿಲ್ಲ, ನಿನ್ನ ಕಿವಿ ಮೊರೆದಿರಬೇಕು ಎಂದು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಆ ಬೊಬ್ಬೆಯಲ್ಲಿ ನನ್ನ ಕೂಗು ಬೇರೆ ಯಾರಿಗೂ ತಿಳಿದಿರಲಿಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಅಮರಾವತಿ ತಂಡದ ಹುಡುಗಿಗೆ ಮಾತ್ರ ಎಲ್ಲ ಕೇಳಿಸಿತ್ತು. ಅವಳು ನನ್ನನ್ನು ಒಂದು ಸಲ ನೋಡಿ, ನಕ್ಕು, ಚಪ್ಪಾಳೆ ಹೊಡೆಯಲು ಎದ್ದಳು.

ನಾನು ಅಲ್ಲಿಂದಲೇ ಕೂಗಬಹುದಿತ್ತು, ನಾನು ಅಂದದ್ದು, ನಾನು ಎಂದು. ಕೂಗಲಿಲ್ಲ. ಗ್ಯಾಲರಿಯಿಂದ ಹೇಳಿಕೊಟ್ಟಿದ್ದೆ ಎಂದು ತಿಳಿದರೆ ಅವಳು ಮೊದಲು ಗೆದ್ದ ಪಂದ್ಯಗಳನ್ನೂ ಕಿತ್ತುಕೊಳ್ಳುತ್ತಾರೇನೋ, ಸರ್ ಹೆಸರಿಗೆ ಮಸಿ ಬಳಿಯುತ್ತಾರೇನೋ ಎಂಬ ಹೆದರಿಕೆ ಒಂದು ಕಡೆ. ಅದು ನಿಜವೂ ಹೌದು, ನೆಪವೂ ಹೌದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಬಾಯಿಗೆ ಬಂದ ತುತ್ತನ್ನು ನಾನೇ ಕೈಹಾಕಿ ತೆಗೆದಿದ್ದೆ. ಬಸ್ಸಿನಲ್ಲಿ ತಂಗಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಒಂದೇ ಮಾತು ಕೇಳಿದಳು: "ಅಕ್ಕ, ನಿನಗೂ ಕೇಳಿಸ್ಲಿಲ್ವಾ?" ನಾನು ಇಲ್ಲ ಅಂದೆ. ಯಾಕೆ ಹಾಗಂದೆ ಎಂದು ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ.

ಆ ಒಂದು 'ಇಲ್ಲ'ದಿಂದ ಮುಂದಿನದೆಲ್ಲ ಆಯಿತು. ಅವಳು ಮನೆಗೆ ಬಂದು ತನ್ನ ಕಿವಿಯಲ್ಲಿ ಇಲ್ಲದ ಮಾತು ಕೇಳಿಸಿತು ಅಂದಳು. ಅಪ್ಪ ಗಾಬರಿಯಾದರು. ಬಿದ್ದು ಬಿದ್ದು ಕಿವಿಯ ನರಕ್ಕೆ ಏನಾದರೂ ಆಗಿದೆಯೇನೋ ಎಂದು ಮರುವಾರವೇ ಸೀತಾಬರ್ಡಿಯ ಒಬ್ಬ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನೂ ಹೋದೆ. ತಂಗಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿಸಿದಾಗೆಲ್ಲ ಬೆರಳು ಎತ್ತು ಅಂದರು. ಅವಳು ಶಾಲೆಯ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು ಬೆರಳು ಎತ್ತುತ್ತಿದ್ದಳು. ಕಿವಿ ಏಕದಮ್ ಚೆನ್ನಾಗಿವೆ ಎಂದು ಹೇಳಿದ ಡಾಕ್ಟರು ಪೆನ್ನು ಕೆಳಗಿಟ್ಟು, ಬಹಳ ಮೆತ್ತಗೆ, "ಔರ್ ಭೀ ಆವಾಜ಼ೇಂ ಆತೀ ಹೈಂ ಕ್ಯಾ, ಬೇಟಾ?" ಎಂದು ಕೇಳಿದರು. ಬೇರೆ ದನಿಗಳೂ ಕೇಳಿಸುತ್ತವೆಯೇ ಎಂದು. ಅಪ್ಪನ ಮುಖ ಬೂದಿಯಾಯಿತು. ನನಗೆ ತಡೆಯಲಾಗಲಿಲ್ಲ, "ಡಾಕ್ಟರ್ ಸಾಬ್, ಅದು..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ, ಅವಳೇ ಹೇಳಲಿ, ನೀವು ಸುಮ್ಮನಿರಿ ಅಂದರು. ನಾನು ಸುಮ್ಮನಾದೆ. ಯಾರಾದರೂ ಸುಮ್ಮನಿರು ಅನ್ನಲಿ ಎಂದೇ ಕಾದಿದ್ದೆನೋ ಏನೋ.

ಅವಳು ಚಾಪೆಗೆ ವಾಪಸು ಹೋದಳು. ಅಪ್ಪ ಇನ್ನೊಂದು ವರ್ಷ ಕೊಡಿಸಲು ಅಮ್ಮನ ಜೊತೆ ಹೆಣಗುತ್ತಿದ್ದರು. ಆದರೆ ಈಗ ಅವಳು ಒಂದು ಪಟ್ಟು ಹಾಕುವ ಮೊದಲು ಸರ್ ಮುಖ ನೋಡುತ್ತಿದ್ದಳು, ಪಟ್ಟಿನ ನಡುವೆ ನೋಡುತ್ತಿದ್ದಳು. ಬಾಗಿಲು ಬಡಿದರೆ ಕೈ ಸಡಿಲವಾಗುತ್ತಿತ್ತು, ಯಾರಾದರೂ ಕೆಮ್ಮಿದರೆ ನಿಲ್ಲುತ್ತಿದ್ದಳು. ಅವಳು ಕಲಿಸಿಕೊಟ್ಟ ಚಿಕ್ಕ ಹುಡುಗಿಯರೇ ಅವಳನ್ನು ಎಸೆಯತೊಡಗಿದರು. ಬೇವಿನ ಮರದ ಹತ್ತಿರ ಟ್ಯೂಬು ಎಳೆಯುವಾಗ ಮಾತ್ರ ಮೊದಲಿನ ಹಾಗೇ ಇರುತ್ತಿದ್ದಳು. ಮೈಯಲ್ಲಿ ಬಲಕ್ಕೆ ಕೊರತೆ ಇರಲಿಲ್ಲ. ನಾನು ದಿನಾ ಅವಳ ಎಸೆತಕ್ಕೆ ಬೀಳುತ್ತ, ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅರ್ಧ ಎಸೆದು ನಿಲ್ಲಿಸುತ್ತಿದ್ದಳು, ನಾನು ಅವಳ ಬೆನ್ನ ಮೇಲೆ ನೇತಾಡುತ್ತಿದ್ದೆ. "ಕೇಳಿಸ್ತಾ ಅಕ್ಕ?" "ಇಲ್ಲ ಕಣೆ, ಯಾರೂ ಏನೂ ಅನ್ಲಿಲ್ಲ." ಆ ಮಾತು ಆಗ ನಿಜವೇ ಆಗಿರುತ್ತಿತ್ತು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು.

ಮೇ ತಿಂಗಳಲ್ಲಿ ಅವಳೇ ಬಿಟ್ಟಳು. ಅಮ್ಮ ಏನೂ ಅನ್ನುವ ಮೊದಲೇ ಬಿಳಿ ಅಂಗಿಯನ್ನು ಒಗೆದು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅದನ್ನು ನೋಡಿದ ಸಂಜೆ ನನಗೆ ಧೈರ್ಯ ಬಂತು. ಬಂದ ಧೈರ್ಯವೋ, ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ ಎಂಬ ಹತಾಶೆಯೋ. ಅವಳು ಹಿತ್ತಲಲ್ಲಿ ನಿಂತು ಪೈಪು ಹಿಡಿದು ಕೂಲರಿಗೆ ನೀರು ತುಂಬುತ್ತಿದ್ದಳು.

"ಕಾಮಠೀಲಿ ಮತ್ತೆ ಅಂತ ಕೂಗಿದ್ದು ನಾನು ಕಣೆ" ಅಂದೆ.

ಅವಳು ಪೈಪು ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ನಾನು ಎಲ್ಲ ಹೇಳಿದೆ: ಎದ್ದು ನಿಂತದ್ದು, ಬಾಯಿ ತಪ್ಪಿದ್ದು, ಪಕ್ಕದ ಹುಡುಗಿ ನಕ್ಕದ್ದು, ಬಸ್ಸಿನಲ್ಲಿ ಸುಳ್ಳು ಹೇಳಿದ್ದು. ಹೇಳುತ್ತ ಅತ್ತೆ. ಅವಳು ಬೈಯಲಿ, ಹೊಡೆಯಲಿ, ನನ್ನನ್ನು ಎತ್ತಿ ಆ ಕಲ್ಲುನೆಲಕ್ಕೆ ಒಗೆಯಲಿ ಎಂದು ಮೈ ಸಡಿಲ ಬಿಟ್ಟು ನಿಂತೆ. ಅವಳು ನಲ್ಲಿ ನಿಲ್ಲಿಸಿ ಬಂದು ನನ್ನ ಕಣ್ಣು ಒರೆಸಿದಳು.

"ಸುಮ್ನಿರೇ ಅಕ್ಕ. ಪಕ್ಕದ ಮನೆ ತುಳಸಿ ಕುಂಡ ನಾನು ಒಡೆದಾಗ್ಲೂ ನೀನು ಹೀಗೇ ಅತ್ಕೊಂಡು ಹೋಗಿ ನಾನೇ ಒಡೆದಿದ್ದು ಅಂದಿದ್ದೆ. ಸರ್ ಬಾಟಲಿ ನಾನು ಕಳ್ದಾಗ್ಲೂ ತಪ್ಪು ನಿಂದೇ ಅಂದೆ."

"ದೇವರಾಣೆ ಕಣೆ, ಇದು ಹಾಗಲ್ಲ."

"ಆಗ್ಲೂ ದೇವರಾಣೆ ಅಂದಿದ್ದೆ. ನೋಡು, ನೀನು ಇನ್ನೊಂದ್ಸಲ ಇನ್ನೊಂದ್ಸಲ ಅಂತ ಕೂಗಿದ್ದು ನನಗೆ ಸಾಫ್ ಕೇಳಿಸ್ತು. ಮತ್ತೆ ಅಂದಿದ್ದು ಗಂಡಸಿನ ದನಿ. ಅಲ್ಲದೆ ನಮ್ಮನೇಲಿ ಆ ಮಾತು ಯಾರೇ ಆಡ್ತಾರೆ? ಐದು ವರ್ಷ ಆಯ್ತಲ್ಲ ಬಿಟ್ಟು."

ಅಪ್ಪನ ಬಳಿ ಹೋದೆ. ಅವರು ಪೂರಾ ಕೇಳಿದರು. ಅವರ ಕಣ್ಣು ತುಂಬಿತು. "ತಂಗಿ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಎಷ್ಟು ಯೋಚನೆ ಮಾಡಿದ್ದೀಯ ಮಗಳೇ. ಆದರೆ ನೀನು ಅಂಥ ತಪ್ಪು ಮಾಡೋಳಲ್ಲ" ಅಂದರು. ಅಮ್ಮ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಆಗಿಹೋದ ವಿಷಯ ಬಿಡು ಎಂದು ನನ್ನ ತಟ್ಟೆಗೆ ಅನ್ನ ಬಡಿಸಿದಳು. ಸರ್‌ಗೆ ಹೇಳಲು ವ್ಯಾಯಾಮಶಾಲೆಗೂ ಹೋದೆ. ತಂಗಿ ಮೊದಲೇ ಫೋನು ಮಾಡಿದ್ದಳಂತೆ, ಅಕ್ಕ ಬಂದು ಹೀಗೆ ಹೇಳುತ್ತಾಳೆ, ಏನೂ ಅನ್ನಬೇಡಿ ಎಂದು. ಅವರು ನನಗೆ ಚಹಾ ತರಿಸಿದರು.

ತಂಗಿ ಈಗ ನಾಗಪುರದಲ್ಲೇ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಮರಾಠಿ ಮನೆಗೆ ಸೊಸೆಯಾಗಿದ್ದಾಳೆ. ಅವಳಿಗೆ ಈಗಲೂ ಹಿಂದಿನಿಂದ ಯಾರಾದರೂ ಕರೆದರೆ ನಿಜವಾಗಿ ಕರೆದರೋ ಇಲ್ಲವೋ ಎಂದು ಎರಡು ಸಲ ತಿರುಗಿ ನೋಡುವ ರೂಢಿ ಇದೆ. ನಾನು ವರ್ಷಕ್ಕೊಮ್ಮೆಯಾದರೂ ಹೇಳುತ್ತೇನೆ, ನಿನ್ನ ಕಿವಿ ಸರಿಯಾಗಿತ್ತು, ತಪ್ಪು ನನ್ನದು ಎಂದು. ಹೇಳಿದಷ್ಟೂ ನನ್ನ ಒಳ್ಳೆಯತನದ ಕಥೆ ಗಟ್ಟಿಯಾಗುತ್ತದೆ. ಹೋದ ದೀಪಾವಳಿಗೆ ಅವಳ ಮನೆಗೆ ಹೋಗಿದ್ದಾಗ, ಬಂದಿದ್ದ ನೆಂಟರಿಗೆಲ್ಲ ಅವಳು ಈ ಕಥೆಯನ್ನು ಮರಾಠಿಯಲ್ಲಿ ಹೇಳಿದಳು: ನಾನು ಸೋತು ಹುಚ್ಚು ಹಿಡಿಯುವ ಹಾಗಿದ್ದಾಗ ನನ್ನ ಅಕ್ಕ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಸುಳ್ಳು ಹೇಳಿದಳು, ಅವತ್ತು ಅವಳು ಹಾಗೆ ಹೇಳದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ ಎಂದಳು. ಎಲ್ಲರೂ ನನ್ನನ್ನು ನೋಡಿದರು. ಅವಳ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ತಟ್ಟೆಗೆ ಇನ್ನೂ ಎರಡು ಚಕ್ಕುಲಿ ಹಾಕಿದರು. ನಾನು ತಿಂದೆ.